ಹದಿನೇಳು ಮೊಟ್ಟೆ, ಒಂದು ಮೀನಿನ ಪೆಟ್ಟಿಗೆ

ಹಾಸ್ಟೆಲ್‌ನಲ್ಲಿ ನನ್ನ ಮೊಬೈಲ್ ಗ್ಯಾಲರಿ ನೋಡಿದವರೆಲ್ಲ ಕೇಳೋದು ಒಂದೇ ಪ್ರಶ್ನೆ: "ಇದೆಂಥದ್ದೋ, ಕೋಳಿ ಮೊಟ್ಟೆ ಯಾಕೆ ಇಷ್ಟುದ್ದ ಇದೆ?" ಕೋಳಿದಲ್ಲ, ನಾಗರಹಾವಿನದು ಅಂದ ಕೂಡಲೇ ಎರಡನೇ ಪ್ರಶ್ನೆ ಬರ್ತದೆ: "ಹಾವು ಸಾಕ್ತೀಯಾ?" ಇಲ್ಲ. ಇದನ್ನು ಮೊದಲೇ ಹೇಳಿಬಿಡ್ತೇನೆ, ಓದಿದವರು ಯಾರೂ ಹೋಗಿ ಮೊಟ್ಟೆ ಹುಡುಕೋದು ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ನಮ್ಮ ಕಾಡಿನ ಹಾವನ್ನಾಗಲಿ, ಅದರ ಮೊಟ್ಟೆಯನ್ನಾಗಲಿ ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಬಾಲ್ ಪೈಥಾನ್ ಥರದ ವಿದೇಶಿ ಹಾವು ಸಾಕೋರಿದ್ದಾರೆ. ಆದರೆ 2022ರ ತಿದ್ದುಪಡಿ ಆದಮೇಲೆ ಅಂತಾರಾಷ್ಟ್ರೀಯ ಪಟ್ಟಿಯಲ್ಲಿರುವ ಅಂಥ ಪ್ರಾಣಿಗಳನ್ನೂ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಲೇಬೇಕು. ನಾನು ಹೇಳ್ತಾ ಇರೋದು ಅದ್ಯಾವುದೂ ಅಲ್ಲ. ಹೋದ ವರ್ಷ ಮೇ ತಿಂಗಳಲ್ಲಿ ಒಂದು ಕೊಟ್ಟಿಗೆ ಕೆಡವುವಾಗ ಸಿಕ್ಕಿದ ಹದಿನೇಳು ಮೊಟ್ಟೆಗಳ ಕತೆ ಇದು. ಅದಕ್ಕಿಂತ ಹೆಚ್ಚಾಗಿ ನೀರಿನ ಕತೆ.

ನಮ್ಮ ಮನೆ ಕುಮಟಾ ಹತ್ತಿರ, ಕಾಲೇಜು ಭಟ್ಕಳದಲ್ಲಿ. ನಡುವೆ ಹೊನ್ನಾವರದಲ್ಲಿ ಹಾವು ಹಿಡಿಯುವ ಅಣ್ಣ ಒಬ್ಬರಿದ್ದಾರೆ. ಹೆಸರು ಬೇಡ ಅಂದಿದ್ದಾರೆ, ಹಾಗಾಗಿ ಬರೆಯೋದಿಲ್ಲ. ನಮ್ಮೂರಿನ ಒಂದು ಮನೆಯಲ್ಲಿ ಹಳೇ ಕೊಟ್ಟಿಗೆಯ ಚಿರೆಕಲ್ಲು ಗೋಡೆ ತೆಗೆಯುವಾಗ ಅದರ ಬುಡದ ಹೆಗ್ಗಣದ ಬಿಲದಲ್ಲಿ ತಾಯಿ ಹಾವು, ಅದರ ಅಡಿಯಲ್ಲಿ ಮೊಟ್ಟೆ. ಅಷ್ಟೊತ್ತಿಗೆ ಅರ್ಧ ಗೋಡೆ ಬಿದ್ದಾಗಿತ್ತು, ಬಿಲ ಬಿಸಿಲಿಗೆ ತೆರೆದುಕೊಂಡಿತ್ತು. ಮೊಟ್ಟೆ ಇದ್ದಲ್ಲೇ ಬಿಡೋದು ಯಾವತ್ತೂ ಮೊದಲ ಆಯ್ಕೆ ಅಂತ ಅಣ್ಣ ಹೇಳ್ತಾರೆ, ಅವರು ಕರೆದಲ್ಲೆಲ್ಲ ಮೊಟ್ಟೆ ಎತ್ತಿಕೊಂಡು ಬರುವವರಲ್ಲ. ಇಲ್ಲಿ ಆ ಆಯ್ಕೆ ಉಳಿದಿರಲಿಲ್ಲ. ಅರಣ್ಯ ಇಲಾಖೆಯವರಿಗೆ ತಿಳಿಸಿ, ಅವರ ಒಪ್ಪಿಗೆ ತಗೊಂಡು, ತಾಯಿಯನ್ನು ಊರಾಚೆಯ ಸೊಪ್ಪಿನ ಬೆಟ್ಟದ ಅಂಚಿಗೆ ಬಿಟ್ಟು, ಮೊಟ್ಟೆಗಳನ್ನು ಹೊನ್ನಾವರಕ್ಕೆ ತಂದರು. ತರುವ ಮುಂಚೆ ಒಂದೊಂದು ಮೊಟ್ಟೆಯ ಮೇಲ್ಭಾಗಕ್ಕೂ ಪೆನ್ಸಿಲ್ಲಿನಲ್ಲಿ ಗುರುತು. ಕೋಳಿ ಮೊಟ್ಟೆಯನ್ನು ಕಾವಿಗಿಟ್ಟಾಗ ತಿರುಗಿಸ್ತಾ ಇರಬೇಕು, ಹಾವಿನ ಮೊಟ್ಟೆ ಹಾಗಲ್ಲ. ಭ್ರೂಣ ಒಳಗೋಡೆಗೆ ಅಂಟಿಕೊಂಡು ಬೆಳೀತದೆ, ಬುಡಮೇಲು ಮಾಡಿದರೆ ಸಾಯಬಹುದು. ಐದಾರು ಮೊಟ್ಟೆ ಒಂದಕ್ಕೊಂದು ಅಂಟಿಕೊಂಡಿದ್ದವು, ಅವನ್ನು ಬಿಡಿಸದೆ ಗೊಂಚಲಾಗಿಯೇ ಎತ್ತಿದರು.

ಆ ಮನೆಯ ಅಮ್ಮನಿಗೆ ಮಾತ್ರ ಸಮಾಧಾನವೇ ಇಲ್ಲ. ಸೊಸೆ ಏಳು ತಿಂಗಳ ಗರ್ಭಿಣಿ. ಮನೆಯಲ್ಲಿ ಬಸುರಿ ಇರುವಾಗ ನಾಗರಕ್ಕೆ ಏನೂ ಆಗಬಾರದು ಅನ್ನೋದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಮಾತು. ಕೊಟ್ಟಿಗೆ ಕೆಡವೂದೇ ಬೇಡ ಅಂದಿದ್ದರಂತೆ ಅವರು, ಯಾರೂ ಕೇಳಲಿಲ್ಲ. ಅಣ್ಣ ಪೆಟ್ಟಿಗೆ ಎತ್ತುವಾಗ "ಹದಿನೇಳೂ ಮರಿ ಆಗ್ತದಲ್ಲ?" ಅಂತ ಕೇಳಿದರು. "ಆಗ್ತದೆ ಅಂತ ಹೇಳೂಕೆ ನಾನು ಯಾರಮ್ಮ, ನೋಡುವ" ಅಂತ ಅಣ್ಣ. ಆಮೇಲೆ ಎರಡು ದಿನಕ್ಕೊಮ್ಮೆ ಅವರ ಫೋನು.

ನನ್ನನ್ನು ಇದಕ್ಕೆ ಎಳೆದದ್ದು ನನ್ನ ಬ್ರಾಂಚ್. ಇಲೆಕ್ಟ್ರಾನಿಕ್ಸ್ ಓದುವ ಹುಡುಗ ಅಂದಮೇಲೆ ಉಷ್ಣಾಂಶ, ತೇವಾಂಶ ಅಳೆಯುವ ಸೆನ್ಸರ್ ಹಾಕಿಕೊಡ್ತಾನೆ ಅಂತ ಅವರ ಲೆಕ್ಕ. ಡಿಎಚ್‌ಟಿ22 ಒಂದು, ಇಎಸ್‌ಪಿ32 ಬೋರ್ಡ್ ಒಂದು ನನ್ನ ಹತ್ತಿರ ಇತ್ತು. ಎರಡನೇ ಸೆಮಿಸ್ಟರಿನಲ್ಲಿ ನಾವೆಲ್ಲ ಮಾಡುವ ಆ ಹವಾಮಾನ ಪ್ರಾಜೆಕ್ಟಿನ ಅವಶೇಷ.

ಪೆಟ್ಟಿಗೆ ಮೀನು ಸಾಗಿಸುವ ಥರ್ಮಾಕೋಲಿನದ್ದು. ನಮ್ಮ ಕರಾವಳಿಯಲ್ಲಿ ಇದಕ್ಕಿಂತ ಸುಲಭವಾಗಿ ಸಿಗುವ ಇನ್ಸುಲೇಷನ್ ಬೇರೆ ಇಲ್ಲ. ತೊಳೆದು ಎರಡು ದಿನ ಬಿಸಿಲಿಗಿಟ್ಟರೂ ಬಂಗಡೆ ವಾಸನೆ ಹೋಗಿರಲಿಲ್ಲ. ಅದರೊಳಗೆ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬ. ಡಬ್ಬದೊಳಗೆ ತೆಂಗಿನ ನಾರಿನ ಪುಡಿ, ಅದರಲ್ಲಿ ಅರ್ಧ ಹೂತ ಮೊಟ್ಟೆಗಳು. ವಿದೇಶಿ ವಿಡಿಯೋಗಳಲ್ಲಿ ಎಲ್ಲರೂ ವರ್ಮಿಕ್ಯುಲೈಟ್ ಅಂತಾರೆ. ಕುಮಟಾದಲ್ಲಿ ಎರಡು ಅಂಗಡಿ ವಿಚಾರಿಸಿದೆ, ಅದೆಂಥದ್ದು ಅಂತ ನನ್ನನ್ನೇ ಕೇಳಿದರು. ನಾರಿನ ಪುಡಿ ಮನೆ ಹಿತ್ತಲಲ್ಲೇ ಇದೆ, ತನ್ನ ತೂಕದ ಹಲವು ಪಟ್ಟು ನೀರು ಹಿಡಿದಿಟ್ಟುಕೊಳ್ತದೆ. ನೀರು ಎಷ್ಟು ಹಾಕೋದು ಅನ್ನೋದಕ್ಕೆ ಅಣ್ಣನ ಅಳತೆ ಮುಷ್ಟಿ. ಹಿಡಿಯಷ್ಟು ಪುಡಿ ಗಟ್ಟಿಯಾಗಿ ಹಿಂಡಿದರೆ ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಬಾರದು, ಆದರೆ ಮುಷ್ಟಿ ಬಿಚ್ಚಿದಾಗ ಉಂಡೆ ಉಂಡೆಯಾಗಿಯೇ ಉಳಿಯಬೇಕು. ಹಾಗೆ ಹದ ಬಂದಮೇಲೆ ತೂಗಿ ನೋಡಿದೆವು: 250 ಗ್ರಾಂ ಒಣ ಪುಡಿಗೆ 500 ಗ್ರಾಂ ನೀರು.

ಹಾವಿನ ಮೊಟ್ಟೆಗೆ ಇಷ್ಟೆಲ್ಲ ನೀರಿನ ಚಿಂತೆ ಯಾಕೆ ಅಂದರೆ, ಅದರ ಚಿಪ್ಪು ಕೋಳಿ ಮೊಟ್ಟೆಯ ಹಾಗೆ ಗಡುಸಲ್ಲ. ಮುಟ್ಟಿದರೆ ಹದ ಮಾಡಿದ ತೊಗಲಿನ ಹಾಗಿರ್ತದೆ. ಕೋಳಿ ಮೊಟ್ಟೆಗೆ ಬೇಕಾದ ನೀರೆಲ್ಲ ಹುಟ್ಟುವಾಗಲೇ ಒಳಗಿರ್ತದೆ, ಕಾವಿನ ಉದ್ದಕ್ಕೂ ಅದು ತೂಕ ಕಳಕೊಳ್ತಾ ಹೋಗ್ತದೆ. ಹಾವಿನ ಮೊಟ್ಟೆ ಉಲ್ಟಾ. ಸುತ್ತಲ ಮಣ್ಣಿನಿಂದ ನೀರು ಹೀರಿ ಉಬ್ಬಿ ಭಾರವಾಗ್ತಾ ಬರ್ತದೆ. ನೀರು ಸಿಗದಿದ್ದರೆ ಗುಳಿ ಬೀಳ್ತದೆ. ಜಾಸ್ತಿಯಾದರೂ ಕಷ್ಟ: ಚಿಪ್ಪಿನ ಸಣ್ಣ ರಂಧ್ರಗಳ ಮೇಲೆ ನೀರಿನ ಪೊರೆ ಕೂತರೆ ಗಾಳಿ ಒಳಗೆ ಹೋಗೂದಿಲ್ಲ, ಬೂಷ್ಟು ಹಿಡೀತದೆ, ಮರಿ ಒಳಗೇ ಉಸಿರುಗಟ್ಟಿ ಸಾಯ್ತದೆ. ಅದೂ ಕೊನೆಯ ವಾರಗಳಲ್ಲಿ, ಮರಿಗೆ ಆಮ್ಲಜನಕ ಅತಿ ಹೆಚ್ಚು ಬೇಕಾಗುವ ಹೊತ್ತಿಗೆ.

ಸೆನ್ಸರ್ ಹಾಕುವ ಮುಂಚೆ ಅದನ್ನು ಉಪ್ಪಿನಲ್ಲಿ ಪರೀಕ್ಷೆ ಮಾಡಿದೆ. ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರಬೇಕಾದ ಉಪಾಯ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕರಗದೆ ಹಸಿ ಮರಳಿನ ಹಾಗಾಗುವಷ್ಟೇ ನೀರು ಬೆರೆಸಿ, ಸೆನ್ಸರ್ ಜೊತೆ ಗಾಳಿಯಾಡದ ಚೀಲದಲ್ಲಿ ರಾತ್ರಿಯಿಡೀ ಇಡೋದು. ಒಳಗಿನ ರಿಲೇಟಿವ್ ಹ್ಯುಮಿಡಿಟಿ 75 ಪ್ರತಿಶತಕ್ಕೆ ಬಂದು ನಿಲ್ತದೆ. ಬೇಸಿಗೆ ಇರಲಿ, ಚಳಿ ಇರಲಿ, ಹೆಚ್ಚು ಕಡಿಮೆ ಅಷ್ಟೇ. ನನ್ನ ಸೆನ್ಸರ್ 79 ತೋರಿಸ್ತು, ಕೋಡ್‌ನಲ್ಲಿ ನಾಲ್ಕು ಕಳೆದೆ. ಇದನ್ನು ನೋಡಿದ ನಮ್ಮ ಆಯಿಗೆ ನಗು. ಮಳೆಗಾಲ ಶುರುವಾಗಿ ಗಾಳಿ 75 ದಾಟಿದ ದಿನ ನಮ್ಮ ಅಡುಗೆಮನೆಯ ಭರಣಿಯಲ್ಲಿ ಉಪ್ಪು ನೀರೊಡೀತದೆ. ಅದೇ ಭೌತಶಾಸ್ತ್ರ, ಸೆನ್ಸರ್ ಇಲ್ಲದೆ. ಸಾಣಿಕಟ್ಟಾದ ಹರಳುಪ್ಪು ಇನ್ನೂ ಬೇಗ ಒದ್ದೆಯಾಗ್ತದೆ, ಅದರಲ್ಲಿ ಮೆಗ್ನೀಷಿಯಂ ಲವಣ ಸೇರಿರ್ತದಲ್ಲ. ಹಾಗಾಗಿ ಊಟಕ್ಕೆ ಸಾಣಿಕಟ್ಟಾ, ಸೆನ್ಸರಿಗೆ ಪ್ಯಾಕೆಟ್ ಉಪ್ಪು.

ಮೇ ತಿಂಗಳು ಆರಾಮಾಗಿ ಹೋಯ್ತು. ಆ ಶೆಕೆಯಲ್ಲಿ ಪೆಟ್ಟಿಗೆಗೆ ಬೇರೆ ಕಾವೇ ಬೇಡ. ಅಣ್ಣನ ಮನೆಯ ಒಳಕೋಣೆಯಲ್ಲಿ ಹಗಲು ರಾತ್ರಿ 28ರಿಂದ 30 ಡಿಗ್ರಿ. ಮೊಟ್ಟೆಗಳು ಬೆಳ್ಳಗೆ ತುಂಬಿಕೊಂಡು ಬಂದವು. ಕತ್ತಲಲ್ಲಿ ಟಾರ್ಚ್ ಹಿಡಿದರೆ ಒಳಗೆ ಕೆಂಪು ನರಗಳ ಬಲೆ ಕಾಣ್ತಿತ್ತು. ಎರಡು ಮೊಟ್ಟೆಯಲ್ಲಿ ಮಾತ್ರ ಬರೀ ಹಳದಿ. ಅವು ಮೊದಲಿಂದಲೂ ಗೊಡ್ಡು. ಅಮ್ಮನಿಗೆ ಹೇಳೂದಾ ಬೇಡವಾ ಅಂತ ನಾನು ಕೇಳಿದೆ. "ಕೇಳಿದರೆ ಹೇಳುವ, ಸುಳ್ಳು ಬೇಡ" ಅಂದರು ಅಣ್ಣ. ಆ ವಾರ ಅಮ್ಮ ಕೇಳಲಿಲ್ಲ.

ಜೂನ್ ಮೊದಲ ವಾರ ಮಳೆ ಹಿಡೀತು. ಕೋಣೆ 25ಕ್ಕೆ ಇಳೀತು. ಪೆಟ್ಟಿಗೆಯೊಳಗೆ ಸಣ್ಣ ಬಲ್ಬು, ಥರ್ಮೋಸ್ಟಾಟ್ ಹಾಕಿ 29ಕ್ಕೆ ನಿಲ್ಲಿಸಿದರು ಅಣ್ಣ. ಕರೆಂಟ್ ಹೋದರೆ ಕಾವು ಉಳಿಯಲಿ ಅಂತ ನಾಲ್ಕು ನೀರಿನ ಬಾಟಲಿ ಪಕ್ಕಕ್ಕೆ. ಹೊರಗೆ ಧೋ ಅಂತ ಮಳೆ. ಬಟ್ಟೆ ಮೂರು ದಿನಕ್ಕೂ ಒಣಗೂದಿಲ್ಲ, ಬೆಂಕಿಪೆಟ್ಟಿಗೆ ಗೀರಿದರೆ ಹತ್ತೂದಿಲ್ಲ. ಇಂಥಾ ಹೊತ್ತಲ್ಲಿ ಪೆಟ್ಟಿಗೆಗೆ ನೀರಿನ ಚಿಂತೆ ಯಾರಿಗೆ? ಹನ್ನೆರಡನೇ ತಾರೀಖು ಅಣ್ಣನ ಫೋನು ಬಂತು. "ತಮಾ, ನಿನ್ನ ಮಷೀನು ತೊಂಬತ್ತೇಳು ಹೇಳ್ತದೆ. ಆದರೆ ಮೂಲೆಯ ಎರಡು ಮೊಟ್ಟೆ ಗುಳಿ ಬಿದ್ದದೆ. ಯಾರನ್ನ ನಂಬೂದು?"

ಸಂಜೆ ಬಸ್ಸಲ್ಲಿ ಭಟ್ಕಳದಿಂದ ಹೊನ್ನಾವರಕ್ಕೆ ಬರುವ ಒಂದು ಗಂಟೆಯಲ್ಲಿ ಮೊಬೈಲಿನಲ್ಲೇ ಎರಡು ಲೆಕ್ಕ ಮಾಡಿದೆ. ನೀವೂ ಮಾಡಿ ನೋಡಿ, ಮೊದಲ ವರ್ಷದ ಪಾಠವೇ.

ಮೊದಲನೆಯದು, ಬಿಸಿ ಮಾಡೋದು ಅಂದರೆ ಒಣಗಿಸೋದು. 25 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 23 ಗ್ರಾಂ ನೀರಾವಿ ಹಿಡಿದಿಟ್ಟುಕೊಳ್ತದೆ. ಮಳೆಗಾಲದ ಗಾಳಿ 90 ಪ್ರತಿಶತ ಅಂದರೆ ಅದರಲ್ಲಿ ಸುಮಾರು 20.7 ಗ್ರಾಂ ಇದೆ. ಅದೇ ಗಾಳಿ ಪೆಟ್ಟಿಗೆಗೆ ನುಗ್ಗಿ 29 ಡಿಗ್ರಿಗೆ ಬಿಸಿಯಾದರೆ? ಈಗ ಅದು 28.8 ಗ್ರಾಂ ಹಿಡಿಯಬಲ್ಲದು. ಇರುವುದು ಮಾತ್ರ 20.7. ಅಂದರೆ 72 ಪ್ರತಿಶತ. ಹೊರಗೆ ಜಡಿಮಳೆ, ಪೆಟ್ಟಿಗೆಯೊಳಗೆ ಬರುವ ಗಾಳಿಗೆ ಬಾಯಾರಿಕೆ. ಆ ಬಾಯಾರಿಕೆ ತೀರಿಸೋದು ನಾರಿನ ಪುಡಿ, ಅದರ ಹಿಂದೆ ಮೊಟ್ಟೆ. ಮೇ ತಿಂಗಳಲ್ಲಿ ಒಳಗೂ ಹೊರಗೂ ಒಂದೇ ಉಷ್ಣಾಂಶ ಇದ್ದಾಗ ಈ ಎಳೆತ ಕಡಿಮೆ ಇತ್ತು.

ಎರಡನೆಯದು ನನಗೆ ಇನ್ನೂ ಆಶ್ಚರ್ಯದ್ದು. ಮೊಟ್ಟೆ ನೀರು ಹೀರೋದು ಮುಖ್ಯವಾಗಿ ತಾನು ಕೂತ ಪುಡಿಯಿಂದ. ಆ ಪುಡಿ ನೀರನ್ನು ಎಷ್ಟು ಬಿಗಿಯಾಗಿ ಹಿಡಿದುಕೊಂಡಿದೆ ಅನ್ನೋದೇ ಲೆಕ್ಕ. ಅದನ್ನು ಒತ್ತಡದ ಹಾಗೆ ಪಾಸ್ಕಲ್‌ನಲ್ಲಿ ಅಳೀತಾರೆ, ವಾಟರ್ ಪೊಟೆನ್ಷಿಯಲ್ ಅಂತ. ಸರೀಸೃಪಗಳ ಮೊಟ್ಟೆಗೆ ಬಳಸುವ ಒಳ್ಳೇ ಹದ ಅಂದರೆ ಸುಮಾರು ಮೈನಸ್ 150 ಕಿಲೋಪಾಸ್ಕಲ್. ಆ ಹದದಲ್ಲಿ ಪುಡಿಯ ಸಂದಿಯ ಗಾಳಿಯ ಹ್ಯುಮಿಡಿಟಿ ಎಷ್ಟಿರ್ತದೆ ಅಂತ ಲಾಗರಿದಮ್ ಹಾಕಿ ನೋಡಿದರೆ 99.9. ಗಿಡಗಳು ಮತ್ತೆ ಚೇತರಿಸದ ಹಾಗೆ ಬಾಡಿಹೋಗುವ ಮಣ್ಣು, ಮೈನಸ್ 1.5 ಮೆಗಾಪಾಸ್ಕಲ್‌ನದ್ದು, ಅಲ್ಲೂ 98.9. ಅಂದರೆ ಹದವಾದ ಮಣ್ಣಿಗೂ ಗಿಡ ಸಾಯುವ ಮಣ್ಣಿಗೂ ನಡುವೆ ಒಂದೇ ಒಂದು ಪ್ರತಿಶತ. 95 ಅಂದರೆ ಮೈನಸ್ 7 ಮೆಗಾಪಾಸ್ಕಲ್ ಆಯ್ತು. ಡಿಎಚ್‌ಟಿ22ರ ಡೇಟಾಶೀಟ್ ತೆಗೆದು ನೋಡಿ: ಪ್ಲಸ್ ಆರ್ ಮೈನಸ್ ಎರಡು ಪ್ರತಿಶತ. ನಮಗೆ ಬೇಕಾದ ಇಡೀ ಜಗತ್ತು ಆ ಸೆನ್ಸರ್‌ನ ತಪ್ಪಿನ ಒಳಗೇ ಮುಳುಗಿ ಹೋಗ್ತದೆ. ಹೆಚ್ಚು ದುಡ್ಡಿನ ಸೆನ್ಸರ್ ತಂದರೂ ಅಷ್ಟೇ, ಅಷ್ಟು ತೇವದಲ್ಲಿ ವಾರಗಟ್ಟಲೆ ಇದ್ದರೆ ಅದರ ಓದು ಜಾರ್ತಾ ಹೋಗ್ತದೆ.

ಹಾಗಾದರೆ ಏನು ಅಳೆಯೋದು? ತೂಕ. ಅಣ್ಣನ ಮನೆಯವರು ಮೀನು ಮಸಾಲೆ ಪುಡಿ ಮಾಡಿ ಮಾರ್ತಾರೆ, ಒಂದು ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಮನೆಯಲ್ಲೇ ಇತ್ತು. ಡಬ್ಬವನ್ನು ಹಂದಾಡದ ಹಾಗೆ ಎತ್ತಿ ಅದರ ಮೇಲಿಡೋದು, ಬರೆದುಕೊಳ್ಳೋದು, ಅಷ್ಟೇ. ಅಣ್ಣ ಮೊದಲಿಂದಲೂ ಆಗಾಗ ತೂಗಿ ಪಟ್ಟಿ ಪುಸ್ತಕದಲ್ಲಿ ಬರೆದಿಟ್ಟಿದ್ದರು, ಯಾಕೆ ಅಂತ ಅವರಿಗೇ ಸ್ಪಷ್ಟ ಇರಲಿಲ್ಲ, "ಇರಲಿ ಅಂತ" ಅಂದರು. ಆ ಪುಟ ನೋಡಿ ನನಗೆ ಖುಷಿಯೋ ಖುಷಿ. ಮೇ ತಿಂಗಳಲ್ಲಿ ದಿನಕ್ಕೆ ಸುಮಾರು 3 ಗ್ರಾಂ ಇಳಿದಿದೆ. ಮಳೆ ಹಿಡಿದು ಬಲ್ಬು ಹಾಕದ ಎರಡು ದಿನ ಒಂದೊಂದೇ ಗ್ರಾಂ. ಬಲ್ಬು ಹಾಕಿದ ಮೇಲೆ ದಿನಕ್ಕೆ 5 ಗ್ರಾಂ. ಮಳೆಗಾಲದ ನಡುಮಧ್ಯೆ ಮೇ ತಿಂಗಳಿಗಿಂತ ಜೋರಾಗಿ ಒಣಗ್ತಾ ಇತ್ತು ಪೆಟ್ಟಿಗೆ. ಗುಳಿ ಬಿದ್ದ ಎರಡೂ ಮೊಟ್ಟೆ ಬಲ್ಬಿನ ಕಡೆಯವು.

ತೂಕದಲ್ಲಿ ಇನ್ನೊಂದು ಚಂದ ಇದೆ. ಪುಡಿಯಿಂದ ಮೊಟ್ಟೆಗೆ ಹೋದ ನೀರು ಡಬ್ಬದ ತೂಕ ಬದಲಿಸೂದಿಲ್ಲ, ಡಬ್ಬ ಬಿಟ್ಟು ಹಾರಿಹೋದದ್ದು ಮಾತ್ರ ಬದಲಿಸ್ತದೆ. ಹಾಗಾಗಿ ಎಷ್ಟು ಇಳೀತೋ ಅಷ್ಟು ಹಾಕಿದರೆ ಆಯ್ತು. ಅವತ್ತಿಂದ ದಿನಾ ರಾತ್ರಿ ತೂಗಿ, ಡಬ್ಬದೊಳಗಿನಷ್ಟೇ ಬೆಚ್ಚಗಿನ ನೀರನ್ನು ಸಿರಿಂಜಿನಲ್ಲಿ ಅಂಚಿನ ಪುಡಿಗೆ, ಮೊಟ್ಟೆಗೆ ತಾಗದ ಹಾಗೆ. ಬಲ್ಬು ಮತ್ತು ಡಬ್ಬದ ನಡುವೆ ಒಂದು ಅಡಕೆ ಹಾಳೆ ಅಡ್ಡ ಇಟ್ಟೆವು. ಮುಚ್ಚಳದ ಒಳಗೆ ರಾತ್ರಿ ನೀರು ಹನಿಗಟ್ಟಿ ಮೊಟ್ಟೆ ಮೇಲೆ ಬೀಳ್ತಿತ್ತು. ಮುಚ್ಚಳವನ್ನು ಒಂದು ಕಡೆ ಬೆಂಕಿಕಡ್ಡಿ ದಪ್ಪ ಎತ್ತರಿಸಿದರೆ ಹನಿ ಜಾರಿ ಅಂಚಿಗೆ ಹೋಗ್ತದೆ, ಹಾಕಬೇಕಾದ ನೀರೂ ಉಳೀತದೆ. ನಾಲ್ಕನೇ ದಿನಕ್ಕೆ ಒಂದು ಮೊಟ್ಟೆಯ ಗುಳಿ ಪೂರ್ತಿ ತುಂಬ್ತು. ಇನ್ನೊಂದರದ್ದು ಅರ್ಧ ತುಂಬಿ ನಿಲ್ತು.

ಇದನ್ನೆಲ್ಲ ಮಾಡ್ತಾ ನನ್ನ ತಲೆಯಲ್ಲಿ ಬರ್ತಾ ಇದ್ದದ್ದು ಹುತ್ತ. ಹುತ್ತ ಕಟ್ಟೋದು ಗೆದ್ದಲು, ತನಗೆ ಬೇಕಾದ ತೇವಕ್ಕೆ. ಹೊರಗೆ ಬಿಸಿಲು ಸುಡ್ತಾ ಇದ್ದರೂ ಒಳಗೆ ತಂಪು, ಹಸಿ. ಹಾವಿಗೆ ಹೈಗ್ರೋಮೀಟರ್ ಬೇಡ, ಯಾರೋ ಕಟ್ಟಿದ್ದರಲ್ಲಿ ಹೋಗಿ ಮೊಟ್ಟೆ ಇಟ್ಟು ಬರ್ತದೆ. ಪಂಚಮಿ ದಿನ ನಾವು ಆ ಹುತ್ತಕ್ಕೆ ಹಾಲು ಸುರಿದು ಹದ ಕೆಡಿಸ್ತೇವೆ ಅನ್ನೋದು ಬೇರೆ ಮಾತು, ಆಯಿಗೆ ಹೇಳಿದರೆ ಬೈತಾಳೆ. ಇನ್ನು ಕಾಳಿಂಗದ್ದು ಮತ್ತೂ ದೊಡ್ಡ ಇಂಜಿನಿಯರಿಂಗ್. ನಮ್ಮ ಪಶ್ಚಿಮ ಘಟ್ಟದ ಕಾಳಿಂಗವನ್ನು 2024ರಲ್ಲಿ ಬೇರೆಯೇ ಪ್ರಭೇದ ಅಂತ ಗುರುತಿಸಿ ವೈಜ್ಞಾನಿಕ ಹೆಸರಿನಲ್ಲೂ 'ಕಾಳಿಂಗ' ಅಂತಲೇ ಇಟ್ಟಿದ್ದಾರೆ. ಹೆಣ್ಣು ತನ್ನ ಮೈಯಿಂದಲೇ ದರಕು ಎಳೆದೆಳೆದು ಗುಡ್ಡೆ ಹಾಕಿ, ಒತ್ತಿ, ಒಳಗೆ ಮೊಟ್ಟೆ ಇಡ್ತದೆ. ಮಳೆಗೆ ಮುಂಚೆ ಇಟ್ಟದ್ದು ಮಳೆಗಾಲದಲ್ಲಿ ಮರಿಯಾಗಬೇಕು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗಿಂತ ಹೆಚ್ಚು ಮಳೆ. ಅಷ್ಟು ಮಳೆ ಮೇಲೆ ಸುರಿದರೂ ಎಲೆಗಳ ಪದರ ನೀರನ್ನು ಹೊರಕ್ಕೆ ಜಾರಿಸಿ ಒಳಗಿನ ಮೊಟ್ಟೆಯನ್ನು ಮುಳುಗದ ಹಾಗೆ ಇಡ್ತದೆ. ನಾವು ಮುಚ್ಚಳ ಓರೆ ಮಾಡಿದ ಹಾಗೇ. ಹೊನ್ನಾವರದ ಕಾಸರಕೋಡ ಟೊಂಕದ ಕಡಲಬದಿಗೆ ಹೋದರೆ ಕಡಲಾಮೆ ಗೂಡಿಗೆ ಅರಣ್ಯ ಇಲಾಖೆಯವರು ಬೇಲಿ ಕಟ್ಟಿದ್ದು ಕಾಣ್ತದೆ. ಅಲ್ಲೂ ಮರಳಿನ ಹಸಿಯೇ ಪ್ರಶ್ನೆ, ಮೇಲೆ ಮರಳಿನ ಬಿಸಿ ಗಂಡೋ ಹೆಣ್ಣೋ ಅಂತಲೂ ನಿರ್ಧರಿಸ್ತದೆ. ಹಾವಿನಲ್ಲಿ ಹಾಗಿಲ್ಲ, ಅದು ಕ್ರೋಮೋಸೋಮಿನದ್ದೇ ತೀರ್ಮಾನ. ನಮಗೆ ಒಂದು ತಲೆಬಿಸಿ ಕಡಿಮೆ.

ಜೂನ್ ಕೊನೆಯ ವಾರ ಎಲ್ಲ ಮೊಟ್ಟೆಯೂ ಸ್ವಲ್ಪ ಸ್ವಲ್ಪ ಕುಗ್ಗಿದವು. ನನಗೆ ಎದೆ ಧಸಕ್ ಅಂತು. ಅಣ್ಣ ಮಾತ್ರ ಆರಾಮ. "ಇದು ಬಾಯಾರಿಕೆ ಅಲ್ಲ ತಮಾ, ಹೊರಡೂಕೆ ತಯಾರಿ" ಅಂದರು. ಹೌದು, ಬಿರಿಯುವ ಮುಂಚೆ ಮೊಟ್ಟೆ ಹೀಗೆ ಮೆತ್ತಗಾಗೋದು ಸಹಜ. ಆಗ ಗಾಬರಿಯಲ್ಲಿ ನೀರು ಸುರಿದರೆ ಕೆಟ್ಟಿತು. ಬರೀ ನೋಡಿ ಹೇಳೂಕೆ ಆಗೂದಿಲ್ಲ ಎರಡರ ವ್ಯತ್ಯಾಸ, ತೂಕದ ಪುಟ ಕೈಯಲ್ಲಿದ್ದರೆ ಧೈರ್ಯ ಬರ್ತದೆ: ಡಬ್ಬ ನೀರು ಕಳಕೊಂಡಿರಲಿಲ್ಲ.

30ನೇ ತಾರೀಖು ಬೆಳಗ್ಗೆ ಮೊದಲ ಸೀಳು. ಮೂತಿಯ ತುದಿಯ ಸಣ್ಣ ಹಲ್ಲಿನಿಂದ ಚಿಪ್ಪು ಗೀರಿ ತಲೆ ಹೊರಗಿಟ್ಟು ಮರಿ ಗಂಟೆಗಟ್ಟಲೆ ಹಾಗೇ ಕೂತಿರ್ತದೆ. ಎಳೆಯಬಾರದು, ಒಳಗೆ ಇನ್ನೂ ಹಳದಿ ಹೀರುವುದು ಬಾಕಿ ಇರ್ತದೆ. ಹೊರಗೆ ಬಂದ ಗೇಣುದ್ದದ್ದು ಹೆಡೆ ಬಿಚ್ಚಿ ನನ್ನ ಟಾರ್ಚಿಗೆ ಬುಸ್ ಅಂತು. ಹುಟ್ಟಿದ ಗಳಿಗೆಯಿಂದಲೇ ವಿಷ ಇರ್ತದೆ, ಅಣ್ಣ ನನ್ನನ್ನು ಮಾರು ದೂರ ನಿಲ್ಲಿಸಿದ್ದರು. ಎರಡು ದಿನದಲ್ಲಿ ಹದಿನಾಲ್ಕು ಮರಿ. ಎರಡು ಗೊಡ್ಡು ಮೊದಲೇ ಗೊತ್ತಿತ್ತು. ಹದಿನೇಳನೆಯದು ಆ ಅರ್ಧ ತುಂಬಿದ ಗುಳಿಯ ಮೊಟ್ಟೆ. ಮೂರು ದಿನ ಕಾದು ತೆರೆದು ನೋಡಿದರು. ಮರಿ ಪೂರ್ತಿ ಬೆಳೆದಿತ್ತು, ಜೀವ ಇರಲಿಲ್ಲ.

ಆ ರಾತ್ರಿ ಅಮ್ಮನ ಫೋನು ಬಂತು. ಸ್ಪೀಕರ್ ಹಾಕಿದ್ದರು ಅಣ್ಣ. "ಎಷ್ಟು?" ಹದಿನಾಲ್ಕು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಉಳಿದದ್ದು?" ಅಣ್ಣ ಒಂದೊಂದಾಗಿ ಹೇಳಿದರು, ಎರಡು ಗೊಡ್ಡು, ಒಂದು ಒಳಗೇ ಹೋಯ್ತು ಅಂತ. ಸೊಸೆಗೆ ಹೇಳಬೇಡಿ ಅಂತ ಕೇಳಿಕೊಂಡರು ಅಮ್ಮ. ಸೊಸೆ ಹಿಂದಿನಿಂದ "ನಂಗೆ ಕೇಳ್ತದೆ ಅತ್ತೆ" ಅಂದದ್ದು ನಮಗೂ ಕೇಳಿಸ್ತು. ಆಮೇಲೆ ಅವಳೇ ಫೋನು ತಗೊಂಡು, ಬಿಡೂದು ಯಾವಾಗ, ಎಲ್ಲಿ, ತಾಯಿ ಹಾವು ಅಲ್ಲೇ ಇದೆಯಾ ಅಂತೆಲ್ಲ ಕೇಳಿದಳು. ಅಣ್ಣನ ಹತ್ತಿರ ತಾಯಿಯ ಪ್ರಶ್ನೆಗೆ ಉತ್ತರ ಇರಲಿಲ್ಲ. ನಾಗರಹಾವು ಮರಿ ಹೊರಬಂದಮೇಲೆ ಸಾಕೂದಿಲ್ಲ, ಅವು ತಮ್ಮಷ್ಟಕ್ಕೆ ಅಂತ ಅಷ್ಟೇ ಹೇಳಿದರು.

ಮರಿಗಳನ್ನು ಅರಣ್ಯ ಇಲಾಖೆಯವರ ಎದುರಲ್ಲೇ ಸೊಪ್ಪಿನ ಬೆಟ್ಟದ ಬೇರೆ ಬೇರೆ ಕಡೆ ಬಿಟ್ಟೆವು. ಅರ್ಧ ನಿಮಿಷದಲ್ಲಿ ದರಕಿನೊಳಗೆ ಮಾಯ.

ನಿಮ್ಮ ಮನೆ ಕಡೆ ಹೀಗೆ ಮೊಟ್ಟೆ ಕಂಡರೆ ಮುಟ್ಟಬೇಡಿ, ತಿರುಗಿಸಲೇಬೇಡಿ, ಬಿಸಿಲು ಬೀಳದ ಹಾಗೆ ಏನಾದರೂ ಅಡ್ಡ ಇಟ್ಟು ಅರಣ್ಯ ಸಹಾಯವಾಣಿ 1926ಕ್ಕೆ ಫೋನು ಮಾಡಿ. ಡಿಎಚ್‌ಟಿ22 ವಾಪಸ್ ನನ್ನ ಡ್ರಾಯರಿಗೆ ಬಂದಿದೆ, ಯಾರಿಗಾದರೂ ಪ್ರಾಜೆಕ್ಟಿಗೆ ಬೇಕಾದರೆ ಕೇಳಿ, ನಾಲ್ಕು ಕಳೆಯೋದು ಮರೀಬೇಡಿ. ತಕ್ಕಡಿ ಅಣ್ಣನ ಹತ್ತಿರವೇ ಇದೆ, ಮಸಾಲೆಗೆ ಬೇರೆ ತಂದಿದ್ದಾರೆ. ಈ ಮೇ ತಿಂಗಳು ಭಟ್ಕಳ ಕಡೆಯ ತೋಟವೊಂದರಿಂದ ಕೇರೆ ಹಾವಿನ ಒಂಬತ್ತು ಮೊಟ್ಟೆ ಬಂದಿವೆ. ಮೊನ್ನೆ ರಾತ್ರಿ ಮೆಸೇಜ್ ಹಾಕಿದ್ದರು: ಎರಡೂವರೆ ಗ್ರಾಂ ಇಳಿದಿದೆ, ಅಷ್ಟೇ ಹಾಕಿದ್ದೇನೆ.